ಇಸ್ತ್ರಿ ಬಿದ್ದ ನರಿ ಕಥೆ

ಮಕ್ಕಳೇ, ಸಕಲೇಶಪುರದಲ್ಲಿ ನನಗೆ ಬ್ರೈಲ್ ಮುದ್ರಣ ಕಲಿಸಿದ ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಏನು ಕೆಡಿಸಿದರೂ ಮೇಜು ತಟ್ಟಿ, "ಇನ್ನೊಂದು ಸಲ, ಅಮ್ಮಾ" ಅನ್ನುತ್ತಿದ್ದರು.

ಒಂದು ದಿನ ನಿಮಗೆ ಹೇಳುವ ನರಿ ಕಥೆಯನ್ನೇ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಬ್ರೈಲಿಗೆ ಬದಲಿಸಿ ಮುದ್ರಿಸಿದೆ. ಮನೆಯಾಚೆ ಯಾರಿಗೂ ಹೇಳದ ಕಥೆ. ಅವರಿಗೆ ಹಿಡಿಸೀತೋ ಇಲ್ಲವೋ ಎಂಬ ಅಳುಕಿತ್ತು. ಹಾಳೆ ಸುರುಟಿಕೊಂಡಿತ್ತು. ಒಪ್ಪವಾಗಿ ಕೊಡೋಣವೆಂದು ದಪ್ಪ ಪುಸ್ತಕಗಳ ಅಡಿಯಲ್ಲಿಟ್ಟು, ಮೇಲೆ ನಾನೇ ಕೂತೆ. ಉಬ್ಬು ಚುಕ್ಕಿಗಳೆಲ್ಲ ಚಪ್ಪಟೆಯಾದವು.

ಮೇಷ್ಟ್ರು ಬೆರಳಾಡಿಸಿದರು. "ಅಕ್ಷರಕ್ಕೆಲ್ಲ ಇಸ್ತ್ರಿ ಹೊಡ್ದುಬುಟ್ರಲ್ಲಮ್ಮಾ! ನರಿ ಎಲ್ಲೈತೆ?"

ನಾಚಿಕೆಯಾಗಿ ಹೊರಟುಬಿಡೋಣವೆಂದು ಬ್ಯಾಗು ಎತ್ತಿಕೊಂಡೆ. ಅವರು ಮೇಜು ತಟ್ಟಿದರು. "ಇನ್ನೊಂದು ಸಲ."

ಮತ್ತೆ ಮುದ್ರಿಸಿ, ಸುರುಟಿದ ಹಾಳೆಯನ್ನೇ ಕೊಟ್ಟೆ. ಬೆರಳು ಮೆಲ್ಲಗೆ ಸಾಗಿತು. ಸರಿಯಾಗಿ ನೀವು ನಗುವ ಸಾಲಿನಲ್ಲೇ ಮೇಷ್ಟ್ರು ಬಿದ್ದು ಬಿದ್ದು ನಕ್ಕರು.