ಅಕ್ಕನ ಮೂಗು, ಭಾವನ ಟರ್ಬೊ

ನಮ್ಮ ಬೀದಿಯ ಕೊನೆಯ ಶೆಡ್ಡಿನ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಅವನ ಮೂಗು ಅದನ್ನು ಎಂದೋ ಮರೆಮಾಡಿಬಿಟ್ಟಿತ್ತು. ಎಲ್ಲರಿಗೂ ಅವನು ಮೂಗು ಮೇಸ್ತ್ರಿ. ಬೆಳಿಗ್ಗೆ ಆ ಮೂಗು ಶೆಡ್ಡಿನ ಬಾಗಿಲಲ್ಲಿ ಕಾಣಿಸಿಕೊಂಡ ಮೇಲೆ ಉಳಿದ ಮೇಸ್ತ್ರಿ ಹೊರಗೆ ಬರುವಷ್ಟರಲ್ಲಿ ನಾನು ನನ್ನ ಅಂಗಡಿಯ ಕಸ ಗುಡಿಸಿ ಮುಗಿಸಿರುತ್ತಿದ್ದೆ. ಎದುರಿನ ಬಿಡಿಭಾಗಗಳ ಅಂಗಡಿ ನನ್ನದೇ, ಆದ್ದರಿಂದ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ. ಮಳೆ ಬಂದಾಗ ಆ ಮೂಗಿನ ಕೆಳಗೆ ಎರಡು ಬೆಕ್ಕು ನಿಲ್ಲುತ್ತಿದ್ದವು ಎಂದು ಕೆಲವರು ಹೇಳುವುದು ಶುದ್ಧ ಸುಳ್ಳು. ಒಂದೇ ಬೆಕ್ಕು.

ಮೂಗು ಬರೀ ಭಾರಕ್ಕಿರಲಿಲ್ಲ. ಬಾನೆಟ್ ಎತ್ತುವ ಮೊದಲೇ ಗಾಡಿಯ ಕಾಯಿಲೆ ಅದಕ್ಕೆ ತಿಳಿಯುತ್ತಿತ್ತು. ಕ್ಲಚ್ ಸುಟ್ಟಿದ್ದು, ವೈರು ಕರಗಿದ್ದು, ರೇಡಿಯೇಟರ್ ನೀರು ಸೋರಿದ್ದು, ಒಂದೊಂದಕ್ಕೂ ಒಂದೊಂದು ವಾಸನೆ. ರಿಪೇರಿ ಮುಗಿಸಿ ಕೀ ಕೈಗಿಡುವಾಗ ಅವನು ಹೇಳುತ್ತಿದ್ದ ಮಾತೂ ಒಂದೇ: "ಇನ್ನು ಬರಬೇಕಾಗಿಲ್ಲ." ಹೇಳಿದ್ದು ನಿಜವಾಗುತ್ತಿತ್ತು. ಅವನ ಕೈಯಲ್ಲಿ ಸರಿಯಾದ ಗಾಡಿ ಮತ್ತೆ ಕೆಡುತ್ತಿರಲಿಲ್ಲ, ಅದರ ಯಜಮಾನ ಮತ್ತೆ ಬರುತ್ತಿರಲಿಲ್ಲ. ಅರೆಬರೆ ಕೆಲಸ ಮಾಡುವವರ ಶೆಡ್ಡುಗಳಲ್ಲಿ ಜಾತ್ರೆ ನೆರೆದಿರುತ್ತಿತ್ತು. ಇವನ ಶೆಡ್ಡಿನಲ್ಲಿ ಜೇಡ ಸಂಸಾರ ಹೂಡಿತ್ತು.

ಅವನು ಹೂಡಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಮೂಗು ಅಡ್ಡ ಬಂತು ಎಂದು ಅವನೇ ನಗುತ್ತಿದ್ದ. ಶೆಡ್ಡಿನ ಮೇಲೊಂದು ಕೋಣೆ. ಅದರಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಮಾತಿಗೆ ಹಳೆಯ ರೇಡಿಯೊ. ಅದು ಎಲ್ಲ ಹೇಳುತ್ತಿತ್ತು, ಇವನು ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೇಳಿಸಿಕೊಳ್ಳಲು ಅಕ್ಕ ಇದ್ದಳು. ಪ್ರತಿ ಶನಿವಾರ ಡೀಸೆಲ್ ಕಾರು ಓಡಿಸಿಕೊಂಡು ಬರುತ್ತಿದ್ದಳು. ಅದೇ ಮೂಗು, ಒಂದು ಸೈಜು ಚಿಕ್ಕದು. ಉಪಕರಣಗಳ ಪೆಟ್ಟಿಗೆಯ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂತು, "ಕಾರಲ್ಲಿ ಏನೋ ವಾಸನೆ ಬರ್ತಿದೆ, ನೋಡೋ" ಎನ್ನುತ್ತಿದ್ದಳು. ಇವನು ಮೂಸಿ, "ಏನೂ ಇಲ್ಲ ಅಕ್ಕ" ಎನ್ನುತ್ತಿದ್ದ. "ಸರಿಯಾಗಿ ನೋಡು." ಅವನು ನೋಡುತ್ತಾ ನಿಂತರೆ ಅವಳು ಸಂಜೆಯವರೆಗೆ ಅವನ ಅಡುಗೆ, ಅಂಗಿ, ಆರೋಗ್ಯ ಎಲ್ಲವನ್ನೂ ಬಯ್ಯುತ್ತಿದ್ದಳು. ಆಯಿಲ್ ಬದಲಿಸುವ ಹೊತ್ತು ಬಂದಿದ್ದರೆ ಅದೂ ಆಗುತ್ತಿತ್ತು.

ಆ ಅಕ್ಕ ತೀರಿಕೊಂಡಳು. ಆಮೇಲೆ ಭಾವ ಈ ಕಡೆ ತಲೆ ಹಾಕಲಿಲ್ಲ. ಗೋಣಿಚೀಲ ಮಾತ್ರ ಪೆಟ್ಟಿಗೆಯ ಮೇಲೆ ಮಡಚಿದ ಹಾಗೇ ಇತ್ತು. ನಾನೊಮ್ಮೆ ಅದರ ಮೇಲೆ ಕೂರಲು ಹೋದಾಗ ಮೇಸ್ತ್ರಿ ಸ್ಟೂಲು ತಂದಿಟ್ಟ. ಶನಿವಾರ ಯಾವ ಡೀಸೆಲ್ ಗಾಡಿ ತಿರುವಿನಲ್ಲಿ ಸದ್ದು ಮಾಡಿದರೂ ಆ ಮೂಗು ಮೇಲೆದ್ದು, ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಬೀದಿಗೆ ಮೊದಲು ನೀಲಿ ಹೊಗೆ ಬಂತು. ನಾಲ್ಕು ಅಂಗಡಿಗಳು ಕಣ್ಮರೆಯಾದವು. ಹೊಗೆಯ ಒಳಗಿಂದ ಅಕ್ಕನ ಕಾರು ಬಂತು, ಕಾರಿನ ಒಳಗಿಂದ ಭಾವ ಇಳಿದರು. ಕಡ್ಡಿಯಂತೆ ಇಳಿದುಹೋಗಿದ್ದರು, ಅಂಗಿಯೇ ಅವರನ್ನು ಎತ್ತಿಕೊಂಡು ಬಂದಂತಿತ್ತು.

"ಏನಯ್ಯ, ಬದುಕಿದ್ದೀಯಾ?"

"ನಿಮ್ಮ ಹೊಗೆ ಇಳಿದ ಮೇಲೆ ಹೇಳ್ತೀನಿ ಭಾವ. ಬನ್ನಿ."

"ಪಿಕಪ್ಪೇ ಇಲ್ಲ. ಏರು ಬಂದ್ರೆ ನಡ್ಕೊಂಡು ಹೋಗೋರು ಕೈ ಬೀಸಿ ಮುಂದೆ ಹೋಗ್ತಾರೆ. ಸಾಲದ್ದಕ್ಕೆ ಆಂಬುಲೆನ್ಸ್ ಥರ ಕೂಗುತ್ತೆ. ಎಲ್ಲರೂ ದಾರಿ ಬಿಡ್ತಾರೆ, ನನಗೇ ಹೋಗೋಕಾಗಲ್ಲ."

"ಟರ್ಬೊ."

"ಅದನ್ನ ಮೊನ್ನೆ ಮೊನ್ನೆ ಬದಲಾಯಿಸಿದೆ. ಬೇರೆ ಕಡೆ."

'ಬೇರೆ ಕಡೆ' ಎಂಬುದನ್ನು ಭಾವ ನೆಲ ನೋಡಿಕೊಂಡು ಹೇಳಿದರು. ಮೇಸ್ತ್ರಿ ಬಾನೆಟ್ ಎತ್ತಿದ.

ಟರ್ಬೊ ಎಂದರೆ ದೊಡ್ಡ ಗುಟ್ಟೇನಲ್ಲ. ಎಂಜಿನ್ ಉಗುಳುವ ಹೊಗೆ ಒಂದು ಕಡ್ಡಿಯ ತುದಿಯಲ್ಲಿರುವ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ. ನಮ್ಮ ಬೀದಿಯಲ್ಲಿ ಚಾಡಿ ಮಾತು ಓಡುವುದಕ್ಕಿಂತ ಜೋರಾಗಿ ಸುತ್ತುವ ವಸ್ತು ಅದೊಂದೇ. ಆ ಕಡ್ಡಿ ತೇಲುವುದು ಕೂದಲೆಳೆಯಷ್ಟು ಆಯಿಲ್ ಮೇಲೆ. ಆಯಿಲ್ ಬರಲಿಲ್ಲವೋ, ಕತೆ ಮುಗಿಯಿತು.

ಮೇಸ್ತ್ರಿ ಮೊದಲು ಗಾಳಿಯ ಕೊಳವೆಗಳನ್ನು ಹಿಸುಕಿ ನೋಡಿದ. ಎಲ್ಲೂ ಸೀಳಿರಲಿಲ್ಲ. ಒಂದನ್ನು ಬಿಚ್ಚಿದರೆ ಒಳಗೆಲ್ಲ ಆಯಿಲ್. ಟರ್ಬೊ ಬಾಯಿಗೆ ಬೆರಳು ಹಾಕಿ ಚಕ್ರ ಅಲ್ಲಾಡಿಸಿದ. ಬೀಳುವ ಹಲ್ಲಿನಂತೆ ಆಡಿತು. ರೆಕ್ಕೆಗಳ ಅಂಚು ಗೋಡೆಗೆ ಉಜ್ಜಿ ಸವೆದಿತ್ತು.

"ಹೊಸದೂ ಸತ್ತಿದೆ ಭಾವ. ಸತ್ತದ್ದನ್ನ ಬದಲಾಯಿಸಿದಾರೆ. ಕೊಂದದ್ದು ಯಾರು ಅಂತ ನೋಡಿಲ್ಲ."

ಕೊಂದದ್ದು ಸಣ್ಣ ಪೈಪು. ಎಂಜಿನ್ನಿನಿಂದ ಟರ್ಬೊಗೆ ಆಯಿಲ್ ಒಯ್ಯುವ ಅದನ್ನು ಬಿಚ್ಚಿ ಒಂದು ತುದಿಯಲ್ಲಿ ಊದಿದ. ಕೆನ್ನೆ ಉಬ್ಬಿತು, ಇನ್ನೊಂದು ತುದಿಯಲ್ಲಿ ಏನೂ ಬರಲಿಲ್ಲ. ಒಳಗೆ ಮಸಿ ಕಟ್ಟಿ ಕಲ್ಲಾಗಿತ್ತು. ಆಯಿಲ್ ನೋಡುವ ಕಡ್ಡಿ ಎಳೆದರೆ ಡಾಂಬರು. ಬೆರಳಿಗೆ ಹಚ್ಚಿಕೊಂಡು ಮೂಸಿದ. ಮತ್ತೊಮ್ಮೆ ಮೂಸಿದ.

"ಈ ಆಯಿಲ್ ನಾನೇ ಹಾಕಿದ್ದು," ಎಂದ. "ಅಕ್ಕ ಕೊನೇ ಸಲ ಬಂದಾಗ. ಆಮೇಲೆ ಯಾರೂ ಬದಲಾಯಿಸಿಲ್ಲ."

ಭಾವ ಜೇಬಿನಲ್ಲಿ ಏನನ್ನೋ ಹುಡುಕಿದರು. ಜೇಬು ಖಾಲಿ ಇತ್ತು.

"ಇಲ್ಲಿಗೆ ಬರೋಕೆ ಏನಾಗಿತ್ತು ಭಾವ?"

"ನಿನ್ನ ಮುಖದಲ್ಲಿ ಅವಳ ಮೂಗಿದೆ," ಎಂದರು ಭಾವ. "ನೋಡೋಕಾಗಲ್ಲ. ಬೇರೆ ಮೆಕ್ಯಾನಿಕ್‌ಗಳಿಗೆಲ್ಲ ಚಿಕ್ಕ ಚಿಕ್ಕ ಮೂಗು. ಆರಾಮಾಗಿತ್ತು."

ಮೇಸ್ತ್ರಿ ಮುಖ ಆ ಕಡೆ ತಿರುಗಿಸಿ ಮಸಿಗೈಯಿಂದ ಮೂಗು ಮುಚ್ಚಿಕೊಂಡ. "ಏನು ಮಾಡ್ಲಿ ಭಾವ, ಬಿಚ್ಚಿಡೋಣ ಅಂದ್ರೆ ಬೋಲ್ಟ್ ಇಲ್ಲ."

ಹೊಸ ಟರ್ಬೊ, ಹೊಸ ಪೈಪು, ಗ್ಯಾಸ್ಕೆಟ್, ಫಿಲ್ಟರ್ ಎಲ್ಲ ನನ್ನ ಅಂಗಡಿಯಿಂದಲೇ ಹೋಯಿತು. ಅವನು ಎಂಜಿನ್ನಿನ ತಳದ ತೊಟ್ಟಿ ಇಳಿಸಿ ಜಾಲರಿಯ ಮಸಿ ಕೆರೆದ, ಗಾಳಿಯ ದಾರಿಯಲ್ಲಿ ನಿಂತ ಆಯಿಲ್ ತೊಳೆದ. ಸಾಮಾನು ಒಯ್ಯಲು ಬಂದಾಗ ಮೇಸ್ತ್ರಿ ನನ್ನ ಗಲ್ಲಾದ ಮುಂದೆ ನಿಂತು, "ಶನಿವಾರ ತಂದು ತೋರಿಸಿ ಅಂತ ಭಾವಂಗೆ ಹೇಳಬಹುದಲ್ವಾ? ಗ್ಯಾಸ್ಕೆಟ್ ನೋಡಬೇಕು ಅಂತ?" ಎಂದು ಕೇಳಿದ. ಅದೇನು ಕಾನೂನಿನ ಪ್ರಶ್ನೆಯೋ ಎಂಬಂತೆ.

"ಹೇಳು," ಎಂದೆ. "ನಾಲ್ಕು ಶನಿವಾರ ಅಂತ ಹೇಳು."

ಭಾವ ಕಾರು ಒಯ್ಯಲು ಬಂದ ದಿನ ನಾನು ಗಿರಾಕಿಯನ್ನು ಬಿಟ್ಟು ಬಾಗಿಲಲ್ಲಿ ನಿಂತೆ. ಮೇಸ್ತ್ರಿ ಟರ್ಬೊ ಬಾಯಿಗೆ ಆಯಿಲ್ ಹನಿಸಿದ, ಎಂಜಿನ್ ಹತ್ತದಂತೆ ತಡೆದು ಬರೀ ಸೆಲ್ಫ್ ಹೊಡೆದ, ಆಯಿಲ್ ಮುಟ್ಟಿತು ಎಂದು ಖಾತ್ರಿಯಾದ ಮೇಲೆ ಸ್ಟಾರ್ಟ್ ಮಾಡಿದ. ಹೊಗೆ ಇಲ್ಲ, ಕೂಗಿಲ್ಲ. ಎಂಜಿನ್ ಮಗು ನಿದ್ದೆ ಮಾಡಿದಂತೆ ಓಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡಿ ಕೀ ತೆಗೆದ.

"ನಿಲ್ಲಿಸಿದ ತಕ್ಷಣ ಆಫ್ ಮಾಡಬೇಡಿ ಭಾವ. ಸ್ವಲ್ಪ ಹೊತ್ತು ಓಡಲಿ, ಟರ್ಬೊ ತಣೀಬೇಕು."

"ಸರಿ. ಮತ್ತೆ ಯಾವಾಗ ತಂದು ತೋರಿಸ್ಲಿ?"

ಅವರೇ ಕೇಳಿದರು. ಅಷ್ಟು ದಿನ ಕಾದ ಮಾತು ಕಾಲಿಗೇ ಬಂದು ತೊಡರಿತ್ತು. ಆದರೆ ಮೇಸ್ತ್ರಿಯ ಕೈ ಆಗ ಕೀಯನ್ನು ಕೊಡುತ್ತಿತ್ತು. ಕೈ ಕೀ ಕೊಟ್ಟರೆ ಬಾಯಿ ಏನು ಹೇಳಬೇಕೆಂದು ಬಾಯಿಗೆ ಗೊತ್ತಿತ್ತು.

"ಇನ್ನು ಬರಬೇಕಾಗಿಲ್ಲ."

ಭಾವ ತಲೆಯಾಡಿಸಿ ಹೊರಟುಹೋದರು. ಮೇಸ್ತ್ರಿ ಬಾಯಿ ತೆರೆದುಕೊಂಡೇ ನಿಂತಿದ್ದ. ಕಾರು ಒಂದು ಚೂರೂ ಹೊಗೆ ಬಿಡದೆ ತಿರುವು ದಾಟಿತು. ಹೊಗೆಯಾದರೂ ಇದ್ದಿದ್ದರೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲಬಹುದಿತ್ತು.

ಶನಿವಾರಗಳು ಬಂದವು, ಹೋದವು. ಅವನು ರೇಡಿಯೊ ಹಾಕುವುದನ್ನೂ ಬಿಟ್ಟ. ನಾನು ಹೋದರೆ ಸ್ಟೂಲು ಕೊಡುತ್ತಿದ್ದ. ಬಿಚ್ಚಿದ ಹಳೆಯ ಟರ್ಬೊವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಚಕ್ರ ತಿರುಗಿಸುತ್ತಾ ಕೂತಿರುತ್ತಿದ್ದ; ಅದು ಅರೆಸುತ್ತು ತಿರುಗಿ ನಿಲ್ಲುತ್ತಿತ್ತು. ಭಾವನಿಗೆ ಫೋನ್ ಮಾಡು ಎಂದರೆ, "ಚೆನ್ನಾಗಿ ಓಡೋ ಗಾಡಿಗೆ ಏನಂತ ಫೋನ್ ಮಾಡೋದು?" ಎನ್ನುತ್ತಿದ್ದ.

ಒಂದು ಶನಿವಾರ ಕಾರು ಬಂತು. ಸದ್ದಿಲ್ಲದೆ ಬಂದದ್ದರಿಂದ ಮೂಗು ಮೇಲೇಳುವುದು ತಡವಾಯಿತು. ಭಾವ ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿ, ಸ್ಟೀರಿಂಗ್ ಕಡೆಗೇ ನೋಡುತ್ತಾ ಹೇಳಿದರು.

"ಕಾರಲ್ಲಿ ಏನೋ ವಾಸನೆ ಬರ್ತಿದೆ. ನೋಡಯ್ಯ."

ಮೇಸ್ತ್ರಿ ಬಾನೆಟ್ ಎತ್ತಿದ. ನಾನೂ ರಸ್ತೆ ದಾಟಿ ಹೋಗಿ ನನ್ನ ಸಾಧಾರಣ ಮೂಗನ್ನು ತೂರಿಸಿದೆ. ಏನೂ ಇರಲಿಲ್ಲ. ಮೂರು ಬೀದಿ ಆಚೆ ಬೆಂಕಿಕಡ್ಡಿ ಗೀರಿದರೂ ಹಿಡಿಯುವ ಮೂಗು ಅವನದು. ಅದು ಟರ್ಬೊ ಮೇಲೆ, ಪೈಪಿನ ಮೇಲೆ, ಫಿಲ್ಟರಿನ ಮೇಲೆ ನಿಧಾನವಾಗಿ ಓಡಾಡಿತು. ಅವನು ಗಾಡಿಯ ವಿಷಯದಲ್ಲಿ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ.

"ಇದೆ ಭಾವ," ಎಂದ. "ಸಣ್ಣದು. ಹುಡುಕೋಕೆ ಹೊತ್ತಾಗುತ್ತೆ. ಬನ್ನಿ, ಕೂತ್ಕೊಳ್ಳಿ."

"ಆಫ್ ಮಾಡ್ಲಾ?"

"ಬೇಡ. ಓಡ್ಲಿ."

ಅವನು ಗೋಣಿಚೀಲವನ್ನು ಕೊಡವಿ ಮತ್ತೆ ಪೆಟ್ಟಿಗೆಯ ಮೇಲೆ ಹಾಸಿದ. ಭಾವ ಬಂದು ರಸ್ತೆಯ ಕಡೆ ಮುಖ ಮಾಡಿ ಕೂತರು. ಮೇಸ್ತ್ರಿ ತನ್ನ ಮೂಗು ಅವರಿಗೆ ಕಾಣದಂತೆ ಬಾನೆಟ್ಟಿನೊಳಗೆ ಮುಖ ಹುದುಗಿಸಿ, ಇಲ್ಲದ ವಾಸನೆಯನ್ನು ಹುಡುಕುತ್ತಾ ನಿಂತ.