ತವರಿನ ಬಿಳಿ ಕೋಳಿ

ಸ್ವಲ್ಪ ತಾಳಿ, ಕೋಳಿಯ ಕಥೆ ಬಂದೇ ಬರುತ್ತದೆ. ಅದಕ್ಕೆ ಮೊದಲು ಕಾಫಿ ಗಿಡದ ಮಾತೊಂದನ್ನು ಮುಗಿಸಿಬಿಡುತ್ತೇನೆ. ನಮ್ಮ ಸಕಲೇಶಪುರದ ಕಡೆ ಅರೇಬಿಕಾ, ರೋಬಸ್ಟಾ ಎರಡೂ ಒಂದೇ ಬೇಲಿಯೊಳಗೆ ಬೆಳೆದರೂ ಸ್ವಭಾವದಲ್ಲಿ ಅಜಗಜಾಂತರ. ಅರೇಬಿಕಾ ತನ್ನ ಹೂವಿಗೆ ತನ್ನದೇ ಪರಾಗ ಸಾಕೆನ್ನುವ ಸ್ವಯಂತೃಪ್ತ ಜೀವಿ. ಅದರ ಬೀಜ ಹಾಕಿದರೆ ಹೆಚ್ಚುಕಡಿಮೆ ತಾಯಿಯಂಥದೇ ಗಿಡ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಆಗಬೇಕು. ಮಕ್ಕಳು ಒಂದೊಂದೂ ಒಂದೊಂದು ಥರ. ಆಲೂರಿನ ಲೈಬ್ರರಿಯ ಹಳೇ ಪುಸ್ತಕಗಳಿಂದಲೇ ತಳಿಶಾಸ್ತ್ರ ಕಲಿತ ನಾನು ಇದನ್ನೆಲ್ಲ ಬಸ್ಸಿನಲ್ಲಿ ಪಕ್ಕ ಕೂತವರಿಗೆ ವಿವರಿಸುತ್ತಿದ್ದೆ. ಬೆಳಗೋಡು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿರುತ್ತಿತ್ತು.

ನಿದ್ದೆ ಮಾಡದೆ ಕೇಳಿದವಳು ಹೆಗ್ಗದ್ದೆಯ ನನ್ನ ದೊಡ್ಡಮ್ಮ ಒಬ್ಬಳೇ. ಮದುವೆಯಾಗಿ ಬರುವಾಗ ತವರಿನವರು ಅವಳಿಗೆ ಒಂದು ಜೋಡಿ ಬಿಳಿ ಕೋಳಿ ಕೊಟ್ಟು ಕಳಿಸಿದ್ದರು. ಆಮೇಲೆ ಆ ತವರೂರು ಹೇಮಾವತಿಯ ಹಿನ್ನೀರಿಗೆ ಹೋಯಿತು. ಅವಳ ಪಾಲಿಗೆ ಉಳಿದದ್ದು ಆ ಬಿಳುಪು. ಹೊರಗಿನ ಹುಂಜ ಅಂಗಳಕ್ಕೆ ಕಾಲಿಟ್ಟರೆ ಪೊರಕೆ ಎತ್ತುತ್ತಿದ್ದಳು. ಹೀಗಾಗಿ ಅಣ್ಣ-ತಂಗಿ, ತಾಯಿ-ಮಗ ಎಂಬ ಭೇದವಿಲ್ಲದೆ ಸಂತಾನ ಒಳಗೊಳಗೇ ಬೆಳೆಯಿತು. ಅದರ ಲಾಭ ಕಣ್ಣೆದುರಿಗಿತ್ತು: ಒಂದು ಬಣ್ಣದ ಗರಿಯೂ ಇಲ್ಲದ, ಕಾಫಿ ಹೂ ಬಿಟ್ಟಂಥ ಹಿಂಡು. ನಷ್ಟ ಮಾತ್ರ ಮೊಟ್ಟೆಯೊಳಗಿತ್ತು. ಕಾವಿಗಿಟ್ಟವು ಒಡೆಯುತ್ತಿರಲಿಲ್ಲ, ಅಪ್ಪಿತಪ್ಪಿ ಒಡೆದರೆ ಹೂಮರಿಗಳ ಬೆರಳು ಸೊಟ್ಟ.

“ಹೊರಗಿನ ರಕ್ತ ಬರ್ಬೇಕು ದೊಡ್ಡಮ್ಮ. ಬೆಳಗೋಡಿಂದ ಒಂದು ಕೆಂಪು ಹುಂಜ ತಂದ್ಕೊಡ್ತೀನಿ” ಎಂದೆ.

“ಅಣ್ಣ ತಂಗಿ ಸೇರುದ್ರೆ ಕೋಳಿಗೂ ದೋಷ ಐತೇನೋ?”

“ಐತೆ ಕಣ್ ದೊಡ್ಡಮ್ಮ.”

“ಹಂಗಾರೆ ತತ್ತಾ. ಪೀಳಿಗೆ ಉಳ್ಕಳ್ಳಿ.”

ತಂದುಕೊಟ್ಟೆ. ಮೊಟ್ಟೆಗಳು ಒಡೆದವು, ಮರಿಗಳು ಗುಂಡುಗುಂಡಾಗಿ ಓಡಾಡಿದವು. ಒಂದೂ ಬಿಳಿಯಲ್ಲ. ಬೆಳೆದ ಮೇಲೆ ದೊಡ್ಡಮ್ಮ ಅವನ್ನು ಕಾಫಿ ಕುಯ್ಲಿಗೆ ಬಂದವರಿಗೆ, ನೆಂಟರಿಗೆ ಒಂದೊಂದಾಗಿ ಕೊಟ್ಟುಬಿಟ್ಟಳು. ಮುದಿ ಬಿಳಿ ಕೋಳಿಗಳು ರೋಗ ಬಂದು ಸತ್ತವು.

ಇತ್ತ ನಾನು ಪುಸ್ತಕದ ಮುಂದಿನ ಅಧ್ಯಾಯ ಓದಿದೆ. ಬಿಳಿ ಬಣ್ಣ ಅಳಿದಿಲ್ಲ, ಕೆಂಪು ಮರಿಗಳೊಳಗೇ ಅಡಗಿದೆ. ಅವುಗಳಲ್ಲಿಯೇ ಅಣ್ಣ-ತಂಗಿಯನ್ನು ಕೂಡಿಸಿದರೆ ಒಂದೆರಡಾದರೂ ಬಿಳಿ ಮರಿ ಹುಟ್ಟಬಹುದು. ಹೆಗ್ಗದ್ದೆಗೆ ಓಡಿದಾಗ ದೊಡ್ಡಮ್ಮ ಖಾಲಿ ಗೂಡು ಗುಡಿಸುತ್ತಿದ್ದಳು. ಅಣ್ಣ-ತಂಗಿಯನ್ನೇ ಕೂಡಿಸಬೇಕು ಎಂದು ಒಂದೇ ಉಸಿರಿಗೆ ಹೇಳಿದೆ.

“ಬ್ಯಾಡ ಅಂದೋನೂ ನೀನೆ, ಬೇಕು ಅನ್ನೋನೂ ನೀನೆ. ಯಾವ್ದಾರ ಒಂದ್ ಹೇಳೋ ಮಾರಾಯ” ಎಂದು ನಕ್ಕಳು. ಆಮೇಲೆ ಪೊರಕೆ ಕೆಳಗಿಟ್ಟು ಮೆಲ್ಲಗೆ ಕೇಳಿದಳು, “ನಿಜ್ವಾಗ್ಲೂ ಒಳಗೇ ಐತೇನೋ, ಬಿಳಿ?”

ದೊಡ್ಡಮ್ಮ ಕೋಳಿ ಕೊಟ್ಟಿದ್ದ ಮನೆಗಳಿಗೆಲ್ಲ ಹೋಗಿ ಬಂದೆ. ಕೆಲವು ಸಾರಾಗಿದ್ದವು, ಉಳಿದವು ಊರ ಕೋಳಿಗಳ ನಡುವೆ ಗುರುತು ಸಿಗದಂತೆ ಬೆರೆತಿದ್ದವು. ಆದ್ದರಿಂದ ಓದುಗರೇ, ನಿಮ್ಮ ಮನೆಯ ಕೆಂಪು ಹೇಂಟೆಯ ಕೆಳಗೆ ಯಾವಾಗಲಾದರೂ ಎಲ್ಲಿಂದಲೋ ಒಂದು ಬಿಳಿ ಮರಿ ಎದ್ದುಬಂದಿದ್ದರೆ ದಯವಿಟ್ಟು ಬರೆದು ತಿಳಿಸಿ. ನೆಂಟರಿಗೆ ಬಡಿಸುವ ಮುಂಚೆ ತಿಳಿಸಿದರೆ ಇನ್ನೂ ಉಪಕಾರ.