ತುದಿಯಕ್ಕ ತುಂಬಿಸಿದ ತುದಿಗಳು

ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ತುದಿಯಕ್ಕ. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ನೀರೆತ್ತುವ ಪಂಪುಗಳೊಳಗೆ ಕೂರುವ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು, ಅವುಗಳ ಮೇಲಿನ ಪುಟ್ಟ ಬಿಡಿಭಾಗಗಳ ತಾಮ್ರದ ಕಾಲಿನ ತುದಿಗೆ ಬೆಸುಗೆ ತುಂಬಿಸುವುದು.

ಆ ಕಾಲುಗಳ ಕಥೆ ಇಷ್ಟೇ. ಬರುವಾಗ ಉದ್ದವಾಗಿರುತ್ತವೆ, ಮೈಗೆಲ್ಲ ತವರದ ಲೇಪ. ಬೋರ್ಡಿಗೆ ಹೊಂದುವಂತೆ ಬಗ್ಗಿಸಿ, ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಕತ್ತರಿಸಿದ ಕಡೆ ಲೇಪವಿಲ್ಲದ ಬರಿ ತಾಮ್ರ ಗಾಳಿಗೆ ಕಪ್ಪಾಗುತ್ತದೆ. ಬೆಸುಗೆ ಕಾಲಿನ ಹಿಮ್ಮಡಿಯನ್ನೂ ಪಕ್ಕಗಳನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ತುದಿಗೆ ಬಂದಾಗ ಮಾತ್ರ ಮುಖ ತಿರುಗಿಸುತ್ತದೆ. ಬೋರ್ಡು ಕೊಳ್ಳುವ ಕಂಪನಿಯ ದೊಡ್ಡ ಮನುಷ್ಯರೊಬ್ಬರು ಹಿಂದೊಮ್ಮೆ ಬಂದು, ಹುಬ್ಬು ಗಂಟಿಕ್ಕಿ, "ಇದೇನ್ರೀ, ಇಲ್ಲಿ ಹಿಡಿದೇ ಇಲ್ಲ?" ಎಂದಿದ್ದರು. ಸೂಪರ್‌ವೈಸರ್ ಬೆವರಿಹೋದ. ಮರುದಿನದಿಂದ ಪ್ರತಿ ತುದಿಗೂ ಬೆಸುಗೆ ಅಂಟಿಸುವ ಫ್ಲಕ್ಸ್ ದ್ರವ ಹಚ್ಚಿ, ಕಾದ ಬೆಸುಗೆ ಐರನ್ ಒತ್ತಿ, ಬೆಸುಗೆ ಏರಿಸಬೇಕೆಂದು ಅಪ್ಪಣೆಯಾಯಿತು. ಆ ಮಹಾನುಭಾವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಪ್ಪಣೆ ಮಾತ್ರ ಗೂಟ ಹೊಡೆದುಕೊಂಡು ಕೂತುಬಿಟ್ಟಿತು.

ಹೊಸಬರು ಬೆರಳು ಸುಟ್ಟುಕೊಂಡು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ ಆ ಕೆಲಸ ತುದಿಯಕ್ಕನಿಗೆ ನೀರು ಕುಡಿದಷ್ಟು ಸಲೀಸು. ಒಂದೇ ಸಲಕ್ಕೆ ಏರದಿದ್ದರೆ ಎರಡು ಸಲ, ಮೂರು ಸಲ ಒತ್ತಿಯಾದರೂ ಏರಿಸುತ್ತಿದ್ದಳು. ಅವಳ ತುದಿಗಳು ಬೆಳ್ಳಿಯ ಹಾಗೆ ಮಿನುಗುತ್ತಿದ್ದವು. ಅವಳಿಗೆ ಅದರ ಜಂಬ ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ತನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿಯನ್ನು ಅಲ್ಲಿಗೆ ಸೇರಿಸಿದ್ದೂ ಅವಳೇ. ತಾಯಿ ಬೇಗ ತೀರಿಕೊಂಡಿದ್ದರಿಂದ ಆ ಹುಡುಗಿಗೆ ಜಡೆ ಹಾಕಿದ್ದು, ಅಕ್ಷರ ತಿದ್ದಿಸಿದ್ದು, ಐರನ್ ಹಿಡಿಯಲು ಕಲಿಸಿದ್ದು ಎಲ್ಲ ಅಕ್ಕನೇ. ಇಬ್ಬರಿಗೂ ಅಕ್ಕಪಕ್ಕದ ಕುರ್ಚಿ, ಒಂದೇ ಬಸ್ಸು, ಒಂದೇ ಡಬ್ಬಿಯ ಊಟ. ಮುಗಿದ ಬೋರ್ಡಿನ ಮೂಲೆಗೆ ಅಕ್ಕ ಕೆಂಪು ಚುಕ್ಕೆ ಇಡುತ್ತಿದ್ದಳು, ತಂಗಿ ನೀಲಿ. ಯಾರು ಮಾಡಿದ್ದೆಂದು ತಿಳಿಯಬೇಕಲ್ಲ.

ತಂಗಿಗೆ ಎಲ್ಲದಕ್ಕೂ ಒಂದು ಯಾಕೆ ಬೇಕು.

"ಅಕ್ಕಾ, ಗೋಡೆ ಮೇಲಿರೋ ನಿಯಮದ ಹಾಳೆ ಓದಿದ್ದೀಯಾ? ಹಿಮ್ಮಡಿ ಹಿಡಿದಿರ್ಬೇಕು ಅಂತಿದೆ. ತುದಿ ಹಿಡೀಲೇಬೇಕು ಅಂತ ಎಲ್ಲೂ ಇಲ್ಲ. ಸುಮ್‌ಸುಮ್ನೆ ಯಾಕೆ ಸುಡೋದು?"

"ನಿಂದೊಂದು ಅಧಿಕಪ್ರಸಂಗ. ಹೇಳಿದಷ್ಟು ಮಾಡು."

ತಂಗಿ ಮತ್ತೆ ಬೋರ್ಡಿನ ಮೇಲೆ ಬಗ್ಗಿದಳು. ಒಪ್ಪಿದಳೆಂದು ಅಕ್ಕ ತಿಳಿದಳು.

ಒಂದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ತಂಗಿ ಕೈತೊಳೆಯಲು ಹೋದಾಗ ಅಕ್ಕ ಅವಳ ಟ್ರೇಯಿಂದ ಒಂದು ಬೋರ್ಡನ್ನು ಗಾಜಿನ ಕೆಳಗಿಟ್ಟು ನೋಡಿದಳು. ತುದಿಗಳೆಲ್ಲ ಬೋಳು. ಇನ್ನೊಂದು ನೋಡಿದಳು, ಅದೂ ಅಷ್ಟೇ. ಮುಟ್ಟದೆಯೇ ನೀಲಿ ಚುಕ್ಕೆ ಇಟ್ಟಿದ್ದಾಳೆ! ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತಾನು ಕಲಿಸಿದವಳು, ತನ್ನ ಮರ್ಯಾದೆ ತೆಗೆದಳಲ್ಲ! ಟ್ರೇ ಎತ್ತಿಕೊಂಡು ನೇರ ಸೂಪರ್‌ವೈಸರ್ ಬಳಿ ಹೋದಳು. ನಾಲ್ಕು ಮಾತು ಬೈಯುತ್ತಾರೆ, ಹುಡುಗಿಗೆ ಬುದ್ಧಿ ಬರುತ್ತದೆ ಎಂಬುದು ಅವಳ ಲೆಕ್ಕ. ಅವನು ತಂಗಿಯನ್ನು ಅಂದೇ ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ.

ತಂಗಿ ಜಗಳವಾಡಲಿಲ್ಲ. ಆ ವಾರವೇ ಊರಿನ ಆಚೆ ತುದಿಯಲ್ಲಿ ಒಂದು ಕೋಣೆ ಹಿಡಿದು ಹೋದಳು. ಆಮೇಲೆ ಹನ್ನೊಂದು ವರ್ಷ ಅಕ್ಕ ತಂಗಿ ಸಿಕ್ಕಿದ್ದು ಮೂರೋ ನಾಲ್ಕೋ ಸಲ, ನೆಂಟರ ಮನೆಗಳಲ್ಲಿ. "ಚೆನ್ನಾಗಿದ್ದೀಯಾ?" "ಹೂಂ." ಅಷ್ಟೇ. ಅಕ್ಕ ಒಬ್ಬಳೇ ಡಬ್ಬಿ ಬಿಚ್ಚುವಾಗ ಕಣ್ಣು ಪಕ್ಕದ ಕುರ್ಚಿಯತ್ತ ಹೋಗುತ್ತಿತ್ತು. ತಪ್ಪು ಮಾಡಿದ್ದು ಅವಳಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು ಊಟ ಮುಗಿಸುತ್ತಿದ್ದಳು.

ಈ ವರ್ಷ ಪಂಪುಗಳು ಒಂದೊಂದಾಗಿ ಕೆಟ್ಟು, ಬೋರ್ಡುಗಳು ವಾಪಸು ಬರತೊಡಗಿದವು. ಹೊಸದಾಗಿ ಬಂದಿದ್ದ ಎಂಜಿನಿಯರಮ್ಮ ಅವನ್ನು ಅಡ್ಡ ಕೊಯ್ದು ನೋಡಿ, ತುದಿಯಕ್ಕನನ್ನು ಕರೆದು ತೋರಿಸಿದಳು.

"ಬೆಸುಗೆ ಚೆನ್ನಾಗೇ ಇದೆ ಅಕ್ಕಾ. ಕೆಳಗೆ ನೋಡಿ. ಮತ್ತೆ ಮತ್ತೆ ಬಿಸಿ ತಾಗಿ ತಾಮ್ರದ ಪಟ್ಟೀನೇ ಬೋರ್ಡಿಂದ ಎದ್ದುಬಿಟ್ಟಿದೆ. ತುದಿ ಹಾಗೇ ಬಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲ."

ತುದಿಯಕ್ಕ ವಾಪಸು ಬಂದ ಬೋರ್ಡುಗಳ ಟ್ರೇ ನೋಡಿದಳು. ಟ್ರೇ ತುಂಬ ಕೆಂಪು ಚುಕ್ಕೆಗಳೇ.

"ಹಳೇ ಲೆಕ್ಕದ ಪುಸ್ತಕದಲ್ಲಿ ನೀಲಿ ಚುಕ್ಕೆ ಅಂತ ಇದೆಯಲ್ಲ, ಅದು ಯಾರದ್ದು? ಅದೇ ಕಾಲದ ನಿಮ್ಮವು ಎಷ್ಟೋ ಬಂದಿವೆ, ಅವರದ್ದು ಒಂದೂ ವಾಪಸ್ ಬಂದಿಲ್ಲ."

"ನನ್ನ ತಂಗೀದು," ಎಂದಳು.

ತುದಿ ತುಂಬಿಸುವುದು ಅಂದೇ ನಿಂತಿತು. ಮ್ಯಾನೇಜರ್ ಅವಳನ್ನು ಕೂರಿಸಿ, ಅಪ್ಪಣೆ ನಮ್ಮದು, ನಿಮ್ಮ ತಪ್ಪೇನಿಲ್ಲ ಎಂದು ಸಮಾಧಾನ ಹೇಳಿದರು. ಅದೇನೋ ನಿಜ. ಆದರೆ ಅಂದು ತಂಗಿಯ ಟ್ರೇ ಹೊತ್ತುಕೊಂಡು ಹೋಗೆಂದು ಅವಳಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.

ರಜೆಯ ದಿನ ಎರಡು ಬಸ್ಸು ಬದಲಿಸಿ ತಂಗಿಯನ್ನು ಹುಡುಕಿಕೊಂಡು ಹೋದಳು. ತಂಗಿ ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಹಬೆ ತುಂಬಿದ ಉದ್ದನೆಯ ಕೋಣೆಯಲ್ಲಿ ನಿಂತು ಹಾಸಿಗೆಯ ಚಾದರ ಮಡಚುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಅಕ್ಕ ಒಂದೇ ಉಸಿರಿಗೆ ಹೇಳಿದಳು. ಇದನ್ನು ಕೇಳಿದರೆ ತಂಗಿ ಅತ್ತುಬಿಡುತ್ತಾಳೆ, ಬೈಯುತ್ತಾಳೆ, ಕೊನೆಗೆ ಮನೆಗೆ ಬರುತ್ತಾಳೆ ಎಂಬ ಆಸೆ ಅವಳಿಗೆ.

"ನೀನು ಹೇಳಿದ್ದೇ ಸರಿ ಕಣೇ. ನಂದೇ ತಪ್ಪು."

"ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು," ಎಂದಳು ತಂಗಿ, ಕೈ ನಿಲ್ಲಿಸದೆ. "ಅದಕ್ಕಲ್ಲ ಅಕ್ಕಾ ನಾನು ಹೋಗಿದ್ದು. ಪಕ್ಕದ ಕುರ್ಚೀಲೇ ಇದ್ನಲ್ಲ. ಅವರ ಹತ್ರ ಹೋಗೋ ಮೊದ್ಲು ನನ್ನ ಒಂದು ಮಾತು ಕೇಳ್ಬೋದಿತ್ತು."

ಎದುರಿಗೆ ದೊಡ್ಡದೊಂದು ಚಾದರ ಮೇಜಿನಿಂದ ಕೆಳಗೆ ಜಾರುತ್ತಿತ್ತು. ಇಬ್ಬರು ಹಿಡಿಯುವಷ್ಟು ಅಗಲದ್ದು. ಅಕ್ಕ ಕೈ ಚಾಚಿ ಅದರ ಇನ್ನೊಂದು ಅಂಚು ಹಿಡಿದಳು.

ತಂಗಿ ಮೆಲ್ಲಗೆ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಬಿಡಕ್ಕಾ. ನಂಗೆ ಒಬ್ಬಳೇ ಮಾಡಿ ಅಭ್ಯಾಸ ಆಗೋಗಿದೆ."